ಗಟ್ಟಿ ತುಪ್ಪ ದ್ರವವೇ? ಒಂದು ಕೈಚೀಲದ ಪ್ರಕರಣ

ಅರ್ಧ ಕಿಲೋ ತುಪ್ಪ, ಒಂದು ಕಿಲೋ ಜೋನಿಬೆಲ್ಲ, ಮುಕ್ಕಾಲು ಕಿಲೋ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಡಬ್ಬಿ ಬಾಣಂತಿ ಲೇಹ್ಯ, ಮೂರರಲ್ಲಿ ಒಂದು ಪಾಲು ಉಳಿದಿದ್ದ ಕೊಬ್ಬರಿ ಎಣ್ಣೆಯ ಬಾಟಲಿ. 2024ರ ಡಿಸೆಂಬರ್‌ನ ಒಂದು ನಸುಕಿನಲ್ಲಿ, ಬೆಂಗಳೂರಿನಿಂದ ವಿದೇಶಕ್ಕೆ ಹೊರಟ ಅಮ್ಮ ಭದ್ರತಾ ತಪಾಸಣೆಯ ಮೇಜಿನ ಮೇಲೆ ಬಿಟ್ಟುಹೋದ ವಸ್ತುಗಳ ಪೂರ್ತಿ ಪಟ್ಟಿ ಇದು. ತಪಾಸಣೆ ಮಾಡಿದವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಎಡವಟ್ಟಿಗೆ ಕಾರಣ ನಾನು. ನಿಲ್ದಾಣದ ಹೊರಗೆ ಕಾಫಿ ಲೋಟ ಹಿಡಿದು ನಿಂತು ಫೋನಿನಲ್ಲಿ ಬುದ್ಧಿ ಹೇಳಿದವನು ನಾನೇ.

ಆಮೇಲೆ ಅಮ್ಮನಿಂದ ಎರಡು ಸಲ ಕೇಳಿ, ಯಾವುದರ ಮೇಲೆ ಯಾವುದು ನಡೆಯಿತೆಂದು ಬರೆದಿಟ್ಟುಕೊಂಡೆ. ಹಾಗೆ ಬರೆಯುವಾಗಲೇ ಗೊತ್ತಾದದ್ದು: ತಪಾಸಣೆಯ ಮೇಜಿಗೆ ಬರುವ ಒಂದು ಗಂಟೆ ಮೊದಲೇ, ಏರ್‌ಲೈನ್‌ ಕೌಂಟರಿನ ತಕ್ಕಡಿಯ ಮುಂದೆ ಎಲ್ಲ ಕೆಟ್ಟುಹೋಗಿತ್ತು.

ತಕ್ಕಡಿಯ ಮುಂದೆ

ಅಮ್ಮ ಶಿರಸಿ ಕಡೆಯವಳು. ಮ್ಯೂನಿಕ್‌ನಲ್ಲಿರುವ ತಂಗಿ ಹೆತ್ತು ಮೂರು ವಾರವಾಗಿತ್ತು. ಬಾಣಂತನಕ್ಕೆ ಹೊರಟ ಅಮ್ಮನಿಗೆ ಅದು ಮೊದಲ ವಿದೇಶ ಪ್ರಯಾಣ: ಬೆಂಗಳೂರಿನಿಂದ ಕೊಲ್ಲಿ ದೇಶವೊಂದಕ್ಕೆ, ಅಲ್ಲಿ ವಿಮಾನ ಬದಲಿಸಿ ಜರ್ಮನಿಗೆ. ಟಿಕೆಟ್‌ನಲ್ಲಿ ಬರೆದಿದ್ದಂತೆ ಲಗೇಜಿಗೆ 23 ಕಿಲೋ, ಕೈಚೀಲಕ್ಕೆ 7 ಕಿಲೋ. ಅಡಿಕೆ ತೂಗುವ ಕೊಕ್ಕೆ ತಕ್ಕಡಿಗೆ ಸೂಟ್‌ಕೇಸನ್ನು ನೇತುಹಾಕಿ ನೋಡಿದಾಗ ಮುಳ್ಳು 23ರ ಮೇಲೆ ನಿಂತಿತ್ತು. ಆದರೆ ತೂಗಿದ ಸೂಟ್‌ಕೇಸು ತೂಗಿದ ಹಾಗೆಯೇ ಉಳಿದ ಮನೆ ನಮ್ಮ ಕಡೆ ಇದೆಯೇ? ಪಕ್ಕದ ಮನೆಯವರು ಕಳೆದ ಸಲದ ಆಲೆಮನೆಯ ಜೋನಿಬೆಲ್ಲ ತಂದುಕೊಟ್ಟರು. ಅತ್ತೆ ಮಗುವಿಗೆಂದು ತಾನೇ ಹೊಲಿದ ಕೌದಿ ಕೊಟ್ಟಳು. ಇಬ್ಬರಿಗೂ ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಕೌಂಟರಿನ ತಕ್ಕಡಿ 25 ಕಿಲೋ 800 ಗ್ರಾಂ ತೋರಿಸಿತು. ಹೆಚ್ಚಿನ ತೂಕಕ್ಕೆ ಹಣ ಕಟ್ಟಿ, ಇಲ್ಲವೇ ತೆಗೆಯಿರಿ ಎಂದರು. ಎಷ್ಟಾಗುತ್ತದೆ ಎಂದು ಕೇಳಿದ ಅಮ್ಮ, ಆ ಹಣಕ್ಕೆ ವರ್ಷದ ತುಪ್ಪ ಬರುತ್ತದೆ ಎಂದು ಪಕ್ಕಕ್ಕೆ ಸರಿದು ನನಗೆ ಫೋನ್ ಮಾಡಿದಳು. ಟಿಕೆಟ್ ಇಲ್ಲದ ನಾನು ಒಳಗೆ ಹೋಗುವಂತಿಲ್ಲ. ಹೊರಗಿನಿಂದಲೇ ಹೇಳಿದೆ: "ಸಣ್ಣದಾಗಿದ್ದು ಭಾರವಾಗಿರುವ ಡಬ್ಬಿಗಳನ್ನೆಲ್ಲ ಕೈಚೀಲಕ್ಕೆ ಹಾಕು. ಕೌದಿ, ಸೀರೆ ಮುಟ್ಟಬೇಡ, ಅವು ಜಾಗ ತಿನ್ನುತ್ತವೆ."

ಕೇಳಲು ಎಷ್ಟು ಜಾಣತನದ ಮಾತು! ಕೈಚೀಲದಲ್ಲಿ ಜಾಗ ಕಡಿಮೆ, ತೂಕಕ್ಕೆ ಮಾತ್ರ ಸುಮಾರು ಮೂರು ಕಿಲೋ ಅವಕಾಶವಿತ್ತು. ಸಣ್ಣದಾಗಿದ್ದು ಭಾರವಾದದ್ದನ್ನು ಸರಿಸಿದರೆ ಲೆಕ್ಕ ಸರಿಹೋಗುತ್ತದೆ; ಸರಿಹೋಯಿತು ಕೂಡ. ಆದರೆ ಬಾಣಂತನಕ್ಕೆ ಹೊರಟವಳ ಸೂಟ್‌ಕೇಸಿನಲ್ಲಿ ಸಣ್ಣದಾಗಿದ್ದು ಭಾರವಾಗಿರುವುದು ಏನು? ತುಪ್ಪ, ಬೆಲ್ಲದ ಪಾಕ, ಎಣ್ಣೆ, ಉಪ್ಪಿನಕಾಯಿ, ಲೇಹ್ಯ. ಕೈಚೀಲದಲ್ಲಿ 100 ಮಿಲಿ ಲೀಟರಿಗಿಂತ ದೊಡ್ಡ ಪಾತ್ರೆಯಲ್ಲಿ ದ್ರವ ಒಯ್ಯುವಂತಿಲ್ಲ ಎಂಬ ನಿಯಮದ ಬಲೆಗೆ ಬೀಳುವ ಪಟ್ಟಿಯೂ ಅಕ್ಷರಶಃ ಇದೇ. ತೂಕದ ತಾಪತ್ರಯವನ್ನು ಬಿಡಿಸಲು ಹೋಗಿ ನಾನು ದ್ರವಗಳನ್ನೆಲ್ಲ ಆರಿಸಿ ಆರಿಸಿ ಕೈಚೀಲಕ್ಕೆ ತುಂಬಿಸಿದ್ದೆ. ಅದೇ ಡಬ್ಬಿಗಳು ಸೂಟ್‌ಕೇಸಿನೊಳಗೇ ಇದ್ದಿದ್ದರೆ ಭದ್ರತಾ ತಪಾಸಣೆಯಲ್ಲಿ ಯಾರೂ ತಡೆಯುತ್ತಿರಲಿಲ್ಲ. ವಿಮಾನದ ಹೊಟ್ಟೆಗೆ ಹೋಗುವ ಲಗೇಜಿನಲ್ಲಿ ಉಪ್ಪಿನಕಾಯಿಗೆ 100 ಮಿಲಿ ಲೀಟರ್ ಮಿತಿ ಇಲ್ಲ.

ಅಮ್ಮನಿಗಾದರೂ ಅನುಮಾನ ಬರಬಾರದಿತ್ತೇ ಎಂದು ಕೇಳುವವರಿಗೆ ಒಂದು ಮಾತು. ಎರಡು ವರ್ಷದ ಹಿಂದೆ ಅವಳು ದೆಹಲಿಗೆ ಹೋಗಿ ಬಂದಿದ್ದಳು, ಎರಡೂ ಕಡೆ ನೀರಿನ ಬಾಟಲಿಯನ್ನು ಕೈಯಲ್ಲೇ ಹಿಡಿದು. ದೇಶದೊಳಗಿನ ಹಾರಾಟದಲ್ಲಿ ನೀರಿಗೆ ಆ ಬಿಗಿ ಇಲ್ಲ. 100 ಮಿಲಿ ಲೀಟರಿನ ಕಟ್ಟುಪಾಡು ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಎದುರಾಗುತ್ತದೆ. ವಿಮಾನದ ಅನುಭವ ಇದೆ ಎಂಬ ಧೈರ್ಯವೇ ಇಲ್ಲಿ ಮುಳುವಾಯಿತು.

ಮೇಜಿನ ಮೇಲೆ ಐದು ಪಾತ್ರೆ

ವಲಸೆ ಅಧಿಕಾರಿಯ ಮುಂದೆ ನಿಂತು, ಪಾಸ್‌ಪೋರ್ಟಿಗೆ ನಿರ್ಗಮನದ ಮುದ್ರೆ ಒತ್ತಿಸಿಕೊಂಡು ಅಮ್ಮ ತಪಾಸಣೆಗೆ ಬಂದಳು. ಟ್ರೇಯಲ್ಲಿಟ್ಟ ಕೈಚೀಲ ಯಂತ್ರದೊಳಗೆ ಹೋಗಿ ಹೊರಬರುವಾಗ ದಾರಿ ಬದಲಿಸಿ ಪಕ್ಕದ ಸಾಲಿಗೆ ಜಾರಿತು. ಮಹಿಳಾ ಸಿಬ್ಬಂದಿಯೊಬ್ಬರು ಚೀಲ ತೆರೆದು ಐದು ಪಾತ್ರೆಗಳನ್ನು ಸ್ಟೀಲ್ ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಹಿಂದಿ ಬಾರದು. ಕನ್ನಡ ಬಲ್ಲ ಇನ್ನೊಬ್ಬ ಹುಡುಗಿ ಬಂದಳು. ಅಲ್ಲಿಂದ ಮುಂದೆ ನಡೆದದ್ದು ಒಂದು ಸಣ್ಣ ವಾದವಿವಾದ. ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಅಲ್ಲಿಯೇ.

ಮೊದಲು ತುಪ್ಪ. ಡಿಸೆಂಬರ್ ಚಳಿಗೆ ಅದು ಹರಳುಗಟ್ಟಿ ಕಲ್ಲಾಗಿತ್ತು. ಅಮ್ಮ ಮುಚ್ಚಳ ತೆಗೆದಳು, ಡಬ್ಬಿಯನ್ನು ಮೇಜಿನ ಮೇಲೆ ತಲೆಕೆಳಗಾಗಿ ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. "ನೋಡಿ, ಇದು ನೀರೇ?" ಎಂದಳು. ಶಾಲೆಯ ವಿಜ್ಞಾನದಲ್ಲಿ ಈ ಉತ್ತರಕ್ಕೆ ಪೂರ್ಣ ಅಂಕ ಸಿಗಬೇಕು. ಆ ಹುಡುಗಿ ನಕ್ಕಳಂತೆ. "ಅಮ್ಮಾ, ಪೇಸ್ಟ್ ಕೂಡ ಸೇರುತ್ತದೆ" ಎಂದಳು. ವಿಮಾನ ನಿಲ್ದಾಣದ ವ್ಯಾಕರಣದಲ್ಲಿ ದ್ರವ ಎಂಬುದಕ್ಕೆ ಪಠ್ಯಪುಸ್ತಕದ ಅರ್ಥವಿಲ್ಲ. ದ್ರವ, ಸಿಂಪಡಿಸುವ ಡಬ್ಬಿ, ಜೆಲ್ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಸುರಿಯಲು ಬರುವುದು, ಸವರಲು ಬರುವುದು, ಹಿಂಡಲು ಬರುವುದು, ಚಿಮ್ಮಿಸಲು ಬರುವುದು ಎಲ್ಲವೂ ದ್ರವವೇ. ಹಲ್ಲುಜ್ಜುವ ಪೇಸ್ಟು, ಜಾಮ್, ಜೇನು, ಮೊಸರು, ಕಾಡಿಗೆ, ಚಟ್ನಿ. ರೊಟ್ಟಿಯ ಮೇಲೆ ಸವರಬಹುದಾದದ್ದು ಎಂದರೆ ನಮ್ಮವರಿಗೆ ಬೇಗ ಅರ್ಥವಾದೀತು. ತುಪ್ಪವನ್ನು ನಾವು ಸವರುತ್ತೇವೆ, ಹಾಗಾಗಿ ತುಪ್ಪ ದ್ರವ. ಡಬ್ಬಿ ತಲೆಕೆಳಗಾದರೂ ತೀರ್ಪು ತಲೆಕೆಳಗಾಗಲಿಲ್ಲ.

ಎಣ್ಣೆಯ ಬಾಟಲಿಯದು ಇನ್ನೂ ಸೂಕ್ಷ್ಮ. ಮಗುವಿನ ಮೈಗೆ ಹಚ್ಚಲೆಂದು ಮನೆಯಲ್ಲೇ ಕಾಯಿಸಿ ತೆಗೆದ ಎಣ್ಣೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಕೆಳಗೆ ಗಟ್ಟಿ. ಆ ಹೊತ್ತಿಗೆ ಅದೂ ಬಿಳಿಯಾಗಿ ಹೆಪ್ಪುಗಟ್ಟಿತ್ತು. 200 ಮಿಲಿ ಲೀಟರಿನ ಬಾಟಲಿ, ಒಳಗಿದ್ದದ್ದು ಎಪ್ಪತ್ತರ ಆಸುಪಾಸು. ನೂರಕ್ಕಿಂತ ಕಡಿಮೆಯೇ ಇದೆಯಲ್ಲ ಎಂದಳು ಅಮ್ಮ. ಇದ್ದರೇನು, ನಿಯಮ ನೋಡುವುದು ಪಾತ್ರೆಯನ್ನು, ಒಳಗಿನದ್ದನ್ನಲ್ಲ. ಬಾಟಲಿಯ ಮೇಲೆ 200 ಎಂದು ಅಚ್ಚಾಗಿದ್ದರೆ ತಳದಲ್ಲಿ ನಾಲ್ಕು ಹನಿ ಇದ್ದರೂ ಅದು 200ರ ಬಾಟಲಿ. ಪ್ರತಿ ಚೀಲದಲ್ಲೂ ಎಷ್ಟು ಉಳಿದಿದೆ ಎಂದು ಅಳೆಯುತ್ತ ಕುಳಿತರೆ ಸಾಲು ಮುಂದೆ ಹೋಗುವುದು ಯಾವಾಗ? ಅಚ್ಚಾದ ಅಂಕಿಯನ್ನು ಓದುವುದು ಎರಡು ಸೆಕೆಂಡಿನ ಕೆಲಸ. ಈ ಒಂದು ಮಾತು ಗೊತ್ತಿದ್ದರೆ ಎಪ್ಪತ್ತು ಮಿಲಿ ಎಣ್ಣೆಯನ್ನು ಸಣ್ಣ ಬಾಟಲಿಗೆ ಬಗ್ಗಿಸಿಕೊಂಡು ನೆಮ್ಮದಿಯಾಗಿ ಒಯ್ಯಬಹುದಿತ್ತು. ಐದರಲ್ಲಿ ಉಳಿಯಬಹುದಾಗಿದ್ದ ವಸ್ತು ಇದೊಂದೇ.

ಉಪ್ಪಿನಕಾಯಿಯ ವಿಷಯದಲ್ಲಿ ಅಮ್ಮ ಮಿಡಿಯನ್ನು ತೋರಿಸಿದಳು. ಮಿಡಿ ಗಟ್ಟಿ, ನಿಜ. ಅದು ಮುಳುಗಿರುವ ರಸ ಗಟ್ಟಿಯಲ್ಲ. ಅಪ್ಪೆಮಿಡಿಯನ್ನು ರಸವಿಲ್ಲದೆ ಒಯ್ಯಿರಿ ಎನ್ನುವುದು ಶಿರಸಿಯವರಿಗೆ ಹೇಳುವ ಮಾತಲ್ಲ, ಆ ಹುಡುಗಿಯೂ ಹೇಳಲಿಲ್ಲ. ಜೋನಿಬೆಲ್ಲಕ್ಕೆ ವಾದವೇ ನಡೆಯಲಿಲ್ಲ. ಬಾಟಲಿಯನ್ನು ಓರೆ ಮಾಡಿದ ಕೂಡಲೇ ಅದು ತಾನಾಗಿಯೇ ಒಪ್ಪಿಕೊಂಡುಬಿಟ್ಟಿತು.

ಕೊನೆಯದು ಲೇಹ್ಯ. ಔಷಧಕ್ಕೆ ವಿನಾಯಿತಿ ಇದೆ ಎಂದು ಯಾರೋ ಹೇಳಿದ್ದು ಅಮ್ಮನಿಗೆ ನೆನಪಿತ್ತು. ವಿನಾಯಿತಿ ಇರುವುದು ನಿಜವೇ. ಪ್ರಯಾಣದಲ್ಲಿ ಬೇಕಾಗುವಷ್ಟು ಔಷಧ, ಜೊತೆಯಲ್ಲಿರುವ ಮಗುವಿಗೆ ಬೇಕಾಗುವಷ್ಟು ಹಾಲು, ಆಹಾರ ನೂರು ಮಿಲಿಗಿಂತ ಹೆಚ್ಚಿದ್ದರೂ ಒಯ್ಯಬಹುದು. ಕೇಳಿದರೆ ವೈದ್ಯರ ಚೀಟಿ ತೋರಿಸಬೇಕು. ಅಮ್ಮನ ಸಕ್ಕರೆ ಕಾಯಿಲೆಯ ಇನ್ಸುಲಿನ್ ಪೆನ್ನು ಹಾಗೆಯೇ ಪಾರಾಯಿತು, ಯಾರೂ ತಡೆಯಲಿಲ್ಲ. ಆದರೆ ಲೇಹ್ಯ ತಿನ್ನಬೇಕಾದವಳು ಆ ವಿಮಾನದಲ್ಲಿ ಇರಲಿಲ್ಲ. ಎಣ್ಣೆ ಹಚ್ಚಿಸಿಕೊಳ್ಳಬೇಕಾದ ಮಗುವೂ ಇರಲಿಲ್ಲ. ವಿನಾಯಿತಿ ಪ್ರಯಾಣಿಕನಿಗೆ, ಪ್ರಯಾಣಿಕನನ್ನು ಕಾಯುತ್ತಿರುವವರಿಗೆ ಅಲ್ಲ. ಜೊತೆಗೆ, ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿದ, ಹೆಸರಿಲ್ಲದ ಕರಿಯ ಮುದ್ದೆಯನ್ನು ಔಷಧ ಎಂದು ನಂಬಿಸುವುದು ಹೇಗೆ? ನಾನೇ ಚಿಕ್ಕವನಿದ್ದಾಗ ನಂಬಿರಲಿಲ್ಲ.

ಉಳಿದಿದ್ದದ್ದು ಮೂರು ದಾರಿ. ಹಿಂದೆ ಹೋಗಿ ಹಣ ಕಟ್ಟಿ ಲಗೇಜಿಗೆ ಹಾಕುವುದು, ಹೊರಗಿರುವ ನನ್ನ ಕೈಗೆ ತಲುಪಿಸುವುದು, ಅಲ್ಲೇ ಬಿಡುವುದು. ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಮೇಲೆ ಹಿಂದಕ್ಕೆ ಹೋಗುವುದೆಂದರೆ ಏರ್‌ಲೈನ್‌ ಸಿಬ್ಬಂದಿಯನ್ನು ಕರೆಸಿ, ಬಂದ ದಾರಿಯಲ್ಲೇ ಎಲ್ಲವನ್ನೂ ಬಿಚ್ಚುತ್ತ ಹೋಗಬೇಕು. ವಿಮಾನ ಹತ್ತಿಸಿಕೊಳ್ಳಲು ಐವತ್ತು ನಿಮಿಷ ಇತ್ತು. ಅರವತ್ತೆಂಟರ ಹೆಂಗಸು, ಮೊದಲ ಸಲ, ಭಾಷೆ ಬಾರದ ಕಡೆ. ಅಮ್ಮ ಮೂರನೆಯದನ್ನು ಆರಿಸಿದಳು.

ಒಂದು ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ತುಪ್ಪದ ಸ್ಟೀಲ್ ಡಬ್ಬಿಯ ಹೊಟ್ಟೆಯ ಮೇಲೆ ಅಜ್ಜಿಯ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ಅದನ್ನು ಬಿಡುವುದಿಲ್ಲ ಎಂದಳು. ಖಾಲಿ ಪಾತ್ರೆಗೆ ಯಾವ ನಿಯಮವೂ ಅಡ್ಡಿಯಿಲ್ಲ. ಆ ಹುಡುಗಿ ಎಲ್ಲಿಂದಲೋ ಒಂದು ಕಾಗದದ ಲೋಟ ತಂದುಕೊಟ್ಟಳು. ಅಮ್ಮ ಅದರ ಅಂಚಿನಿಂದ ಗಟ್ಟಿ ತುಪ್ಪವನ್ನು ಕೆತ್ತಿ ಕೆತ್ತಿ ಬುಟ್ಟಿಗೆ ಹಾಕಿದಳು. ಹಾಕುವ ಮೊದಲು ಡಬ್ಬಿಯನ್ನು ಕಣ್ಣಿಗೆ ಒತ್ತಿಕೊಂಡಿರಬೇಕು. ಅವಳು ಹೇಳಲಿಲ್ಲ, ನನಗೆ ಅವಳು ಗೊತ್ತು. ಒಳಮೈಗೆ ಅಂಟಿದ ತುಪ್ಪದೊಂದಿಗೇ ಡಬ್ಬಿ ಮತ್ತೆ ಯಂತ್ರದೊಳಗೆ ಹೋಗಿ, ಈ ಸಲ ನೇರ ಸಾಲಿನಲ್ಲಿ ಹೊರಬಂತು.

ಇನ್ನೊಂದು ಡಬ್ಬಿಯನ್ನು ಯಾರೂ ಮುಟ್ಟಿಯೂ ನೋಡಿರಲಿಲ್ಲ: ಇಪ್ಪತ್ತು ಅಂಟಿನ ಉಂಡೆ. ಅಂಟು, ಬೆಲ್ಲ, ಉತ್ತುತ್ತೆ, ಕೊಬ್ಬರಿ ತುರಿ, ಧಾರಾಳವಾಗಿ ತುಪ್ಪ. ಅದೇ ಬೆಲ್ಲ, ಅದೇ ತುಪ್ಪ, ಉಂಡೆಯಾಗಿದ್ದಕ್ಕೆ ಗಟ್ಟಿ ಪದಾರ್ಥ. ಲೆಕ್ಕ ಹಾಕಿದರೆ ಕಾಲು ಕಿಲೋ ತುಪ್ಪವಾದರೂ ಆ ದಿನ ಗಡಿ ದಾಟಿರಬೇಕು.

ಇದೇ ಹೊತ್ತಿಗೆ ನಾನು ಹೊರಗೆ ನೋಡುತ್ತಿದ್ದದ್ದನ್ನು ಹೇಳದೆ ಇರಲಾರೆ. ಕಪ್ಪು ಬಟ್ಟೆ ತೊಟ್ಟ ಏಳೆಂಟು ಮಾಲಾಧಾರಿಗಳು ತಲೆಯ ಮೇಲೆ ಇರುಮುಡಿ ಹೊತ್ತು ಬಾಗಿಲ ಕಡೆ ನಡೆದರು. ಇರುಮುಡಿಯಲ್ಲಿರುವುದು ತುಪ್ಪ ತುಂಬಿದ ತೆಂಗಿನಕಾಯಿ. ವಿಮಾನದ ಕ್ಯಾಬಿನ್ನಿಗೆ ತೆಂಗಿನಕಾಯಿ ಒಯ್ಯುವಂತಿಲ್ಲ ಎಂಬುದು ನಿಯಮ. ಶಬರಿಮಲೆ ಯಾತ್ರಿಕರಿಗಾಗಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2024ರ ಅಕ್ಟೋಬರ್‌ನಲ್ಲಿ ಅದನ್ನು ಸಡಿಲಿಸಿ, 2025ರ ಜನವರಿ 20ರವರೆಗೆ ತಪಾಸಣೆಗೆ ಒಳಪಡಿಸಿ ಒಯ್ಯಲು ಬಿಟ್ಟಿತ್ತು. ಅದು ಒಳನಾಡಿನ ಯಾತ್ರೆಯ ಮಾತು, ಇಲ್ಲಿನದು ಬೇರೆ. ಆದರೂ ಅಯ್ಯಪ್ಪನ ತುಪ್ಪ ಒಳಗೆ ಹೋಗುವಾಗ ಬಾಣಂತಿಯ ತುಪ್ಪ ಬುಟ್ಟಿಗೆ ಬೀಳುತ್ತಿತ್ತು ಎಂದು ಆಮೇಲೆ ಹೊಂದಿಸಿ ನೋಡಿದಾಗ ನಗು ಬಂತು.

ನೂರು ಎಂಬ ಸಂಖ್ಯೆ ಎಲ್ಲಿಂದ ಬಂತು

ಅಮ್ಮ ಮ್ಯೂನಿಕ್ ಮುಟ್ಟಿದ ಮೇಲೆ ಕೇಳಿದ ಮೊದಲ ಪ್ರಶ್ನೆ: "ನೂರೇ ಏಕೆ? ನೂರ ಒಂದು ಆದರೆ ವಿಮಾನ ಬೀಳುತ್ತದೆಯೇ?" ಪ್ರಶ್ನೆ ದಡ್ಡತನದ್ದೇನೂ ಅಲ್ಲ.

2006ರ ಆಗಸ್ಟ್ 10ರಂದು ಬ್ರಿಟನ್ನಿನ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು. ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಅಮೆರಿಕ, ಕೆನಡಾಕ್ಕೆ ಹೋಗುವ ಕನಿಷ್ಠ 7 ವಿಮಾನಗಳಲ್ಲಿ, ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿದ ದ್ರವ ಸ್ಫೋಟಕವನ್ನು ಕೈಚೀಲದಲ್ಲಿ ಒಯ್ಯುವ ಯೋಜನೆ ಅದು. 2009ರಲ್ಲಿ ಮೂವರ ಮೇಲಿನ ಆರೋಪ ನ್ಯಾಯಾಲಯದಲ್ಲಿ ಸಾಬೀತಾಯಿತು. ಆ ಬೆಳಿಗ್ಗೆ ಬ್ರಿಟನ್ನಿನಲ್ಲಿ ಕೈಚೀಲವನ್ನೇ ನಿಷೇಧಿಸಿದರು. ಪಾಸ್‌ಪೋರ್ಟು, ಹಣದ ಚೀಲ, ಅಗತ್ಯ ಔಷಧಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಜನ ವಿಮಾನ ಹತ್ತಿದರು. ಮಗುವಿನ ಹಾಲನ್ನು ತಾಯಿ ಸಿಬ್ಬಂದಿಯ ಎದುರಿಗೇ ಕುಡಿದು ತೋರಿಸಬೇಕಿತ್ತು. ಅಮೆರಿಕದಲ್ಲೂ ಅದೇ ದಿನ ದ್ರವಗಳೆಲ್ಲ ನಿಷಿದ್ಧವಾದವು.

ದ್ರವದ ಭಯ ಅಂದೇ ಹುಟ್ಟಿದ್ದೇನಲ್ಲ. 1987ರ ನವೆಂಬರ್‌ನಲ್ಲಿ ಕೊರಿಯನ್ ಏರ್ 858 ವಿಮಾನ ಅಂಡಮಾನ್ ಸಮುದ್ರದ ಮೇಲೆ ಸಿಡಿದು 115 ಜನ ಸತ್ತಾಗ, ಉತ್ತರ ಕೊರಿಯಾದ ಗೂಢಚಾರರು ಮದ್ಯದ ಬಾಟಲಿಯಲ್ಲಿ ಸ್ಫೋಟಕ ಇಟ್ಟಿದ್ದರು. 1994ರ ಡಿಸೆಂಬರ್‌ನಲ್ಲಿ ಫಿಲಿಪೀನ್ ಏರ್‌ಲೈನ್ಸ್‌ನ ವಿಮಾನದಲ್ಲಿ ಒಬ್ಬ ಪ್ರಯಾಣಿಕನನ್ನು ಕೊಂದ ಬಾಂಬಿನ ದ್ರವ ಒಳಗೆ ಬಂದದ್ದು ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ಔಷಧದ ಬಾಟಲಿಯಲ್ಲಿ. ಆದರೂ ನಿಯಮ ಬರಲು 2006 ಬೇಕಾಯಿತು.

ಎಲ್ಲ ದ್ರವವನ್ನೂ ಎಂದೆಂದಿಗೂ ನಿಷೇಧಿಸಲು ಆಗದು. ಆರೇಳು ವಾರಗಳಲ್ಲಿ, 2006ರ ಸೆಪ್ಟೆಂಬರ್ 26ರಂದು, ಅಮೆರಿಕ ಸಣ್ಣ ಬಾಟಲಿಗಳಿಗೆ ಅವಕಾಶ ಕೊಟ್ಟಿತು. ಯುರೋಪಿಯನ್ ಒಕ್ಕೂಟ ಅದನ್ನು 100 ಮಿಲಿ ಲೀಟರಿಗೆ ನಿಗದಿ ಮಾಡಿ ನವೆಂಬರ್ 6ರಿಂದ ಜಾರಿಗೆ ತಂದಿತು. 2007ರ ಮಾರ್ಚ್ 1ರ ಒಳಗೆ ಎಲ್ಲ ದೇಶಗಳೂ ಇದನ್ನೇ ಅನುಸರಿಸಲಿ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಶಿಫಾರಸು ಮಾಡಿತು. ಒಂದೊಂದು ಪಾತ್ರೆಯೂ ನೂರು ಮಿಲಿ ಮೀರಬಾರದು, ಎಲ್ಲ ಪಾತ್ರೆಗಳೂ ಒಂದು ಲೀಟರಿನ ಪಾರದರ್ಶಕ, ಮುಚ್ಚಲು ಬರುವ ಚೀಲದಲ್ಲಿ ಹಿಡಿಯಬೇಕು, ತಲೆಗೊಂದೇ ಚೀಲ. ಲೆಕ್ಕಕ್ಕೆ ಹತ್ತು ಬಾಟಲಿ, ಚೀಲಕ್ಕೆ ನಿಜವಾಗಿ ಹಿಡಿಯುವುದು ಐದಾರು. ನೂರ ಒಂದಾದರೆ ವಿಮಾನ ಬೀಳುವುದಿಲ್ಲ. ಅಪಾಯವಾಗುವಷ್ಟು ದ್ರವ ಒಬ್ಬನ ಕೈಯಲ್ಲಿ ಒಟ್ಟುಗೂಡದಿರಲಿ, ಸಿಬ್ಬಂದಿ ಒಂದೇ ನೋಟದಲ್ಲಿ ತೀರ್ಮಾನಿಸುವಂತಾಗಲಿ ಎಂದು ಎಳೆದ ಗೆರೆ ಅದು, ಅಷ್ಟೇ. ಗೆರೆ ಎಲ್ಲಿ ಎಳೆದರೂ ಅದರ ಆಚೆ ಯಾರದೋ ಅಮ್ಮನ ಡಬ್ಬಿ ಇದ್ದೇ ಇರುತ್ತದೆ.

ಒಳಗೇನಿದೆ ಎಂದು ಯಂತ್ರವೇ ಹೇಳಬಾರದೇ? ಹಳೆಯ ಎಕ್ಸ್‌-ರೇ ಯಂತ್ರ ಚೀಲವನ್ನು ಚಪ್ಪಟೆ ಚಿತ್ರವಾಗಿ ಕಾಣುತ್ತದೆ. ಲೋಹ ನೀಲಿ, ಸಸ್ಯಜನ್ಯ, ಪ್ರಾಣಿಜನ್ಯ ವಸ್ತುಗಳು ಕಿತ್ತಳೆ, ನಡುವಿನವು ಹಸಿರು. ನೀರು, ತುಪ್ಪ, ಲೇಹ್ಯ, ಸ್ಫೋಟಕ ಎಲ್ಲವೂ ಕಿತ್ತಳೆಯ ಮಬ್ಬು. ಅಮ್ಮನ ಸ್ಟೀಲ್ ಡಬ್ಬಿಯಂತೂ ತನ್ನೊಳಗೆ ಏನಿದೆ ಎಂಬುದನ್ನೇ ಮರೆಮಾಚುವ ನೀಲಿ ಗೋಡೆ. ಆಸ್ಪತ್ರೆಯ ಸಿಟಿ ಸ್ಕ್ಯಾನಿನ ತತ್ತ್ವದ ಹೊಸ ಯಂತ್ರಗಳು ಚೀಲವನ್ನು ಸುತ್ತಲಿನಿಂದ ನೋಡಿ ದ್ರವದ ಸಾಂದ್ರತೆಯನ್ನು ಅಳೆಯುತ್ತವೆ. ಅವು ಬಂದ ಕಡೆ ನಿಯಮ ಸಡಿಲವಾಗುತ್ತದೆ, ಆದರೆ ಏರುಪೇರಾಗಿ. ಬ್ರಿಟನ್ನಿನ ಕೆಲವು ಸಣ್ಣ ನಿಲ್ದಾಣಗಳು 2023ರಲ್ಲೇ ಎರಡು ಲೀಟರ್ ಬಿಟ್ಟು, 2024ರ ಜೂನ್‌ನಲ್ಲಿ ಮತ್ತೆ ನೂರಕ್ಕೆ ಇಳಿದವು. ಯುರೋಪಿಯನ್ ಒಕ್ಕೂಟವೂ 2024ರ ಸೆಪ್ಟೆಂಬರ್ 1ರಿಂದ ಹೊಸ ಯಂತ್ರಗಳಿದ್ದ ಕಡೆಯಲ್ಲೂ ನೂರನ್ನೇ ಮರಳಿ ತಂದಿತು. 2025ರ ಜುಲೈನಲ್ಲಿ ಎಡಿನ್‌ಬರೊ, ಬರ್ಮಿಂಗ್‌ಹ್ಯಾಮ್ ನಿಲ್ದಾಣಗಳಲ್ಲಿ ಮತ್ತೆ ಎರಡು ಲೀಟರ್. ಇಂತಹ ಸುದ್ದಿ ಓದಿ ಯಾರೂ ಮೈಮರೆಯಬಾರದು. ಎರಡು ಲೀಟರ್ ಬಿಡುವ ಊರಿನಿಂದ ಹೊರಟು ನೂರು ಮಿಲಿಯ ಊರಿನಲ್ಲಿ ವಿಮಾನ ಬದಲಿಸಿದರೆ, ಪ್ರಯಾಣಕ್ಕೆಲ್ಲ ಅನ್ವಯಿಸುವುದು ಅತಿ ಬಿಗಿಯಾದ ಊರಿನ ನಿಯಮ.

ಮುದ್ರೆ ಹಾಕಿದ ಚೀಲ

ಇದಕ್ಕೆ ಪುರಾವೆ ಅದೇ ಪ್ರಯಾಣದ ಎರಡನೆಯ ನಷ್ಟ. ತಪಾಸಣೆ ದಾಟಿದ ಮೇಲೆ, ಅಳಿಯನ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಅಮ್ಮ ಒಳಗಿನ ಅಂಗಡಿಯಲ್ಲಿ ಒಂದು ಸುಗಂಧದ ಬಾಟಲಿ ಕೊಂಡಳು. 125 ಮಿಲಿ ಲೀಟರ್. ಅಂಗಡಿಯವರು ಅದನ್ನು ರಸೀದಿಯೊಂದಿಗೆ ಕೆಂಪು ಅಂಚಿನ ಪಾರದರ್ಶಕ ಚೀಲದಲ್ಲಿಟ್ಟು ಅಂಟಿಸಿ ಕೊಟ್ಟರು. ಒಮ್ಮೆ ಬಿಚ್ಚಿದರೆ ಬಿಚ್ಚಿದ್ದು ಗೊತ್ತಾಗುವ ಚೀಲ ಅದು. ಒಳಗಿನ ದ್ರವ ನೂರು ಮೀರಿದ್ದರೂ ಮುಂದಿನ ನಿಲ್ದಾಣದಲ್ಲಿ ಅದಕ್ಕೆ ರಹದಾರಿ.

ವಿಮಾನ ಏರಿದ ಮೇಲೆ ಅಮ್ಮ ಅದನ್ನು ಹರಿದಳು. ಚೀಲ ದೊಡ್ಡದು, ಬಾಟಲಿ ಚಿಕ್ಕದು, ಕೈಚೀಲದಲ್ಲಿ ಅದಕ್ಕೆ ಬಿಡಿಯಾಗಿ ಸರಿಯಾದ ಜಾಗವಿತ್ತು. ನಡುದಾರಿಯ ನಿಲ್ದಾಣದಲ್ಲಿ ಇನ್ನೊಂದು ತಪಾಸಣೆ. ಚೀಲವಿಲ್ಲದ 125 ಮಿಲಿ ಬಾಟಲಿ, ಜೊತೆಗೆ ಬೆಂಗಳೂರಿನಲ್ಲಿ ತಪಾಸಣೆಯ ಆಚೆ ಕೊಂಡ ನೀರಿನ ಬಾಟಲಿ, ಎರಡೂ ಹೋದವು. ವಿಮಾನ ಬದಲಿಸುವಲ್ಲಿ ಮತ್ತೆ ತಪಾಸಣೆ ಇರುತ್ತದೆ ಎಂದು ಅವಳಿಗೆ ನಾನು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದಿರಲೂ ಇಲ್ಲ. ಈ ನಷ್ಟದ ಬಗ್ಗೆ ಅಮ್ಮ ಹೆಚ್ಚು ಮಾತಾಡಲಿಲ್ಲ. ಸುಗಂಧ ತಾನೇ, ಮನೆಯಲ್ಲಿ ಕಾಯಿಸಿದ್ದಲ್ಲವಲ್ಲ.

ಮಾರ್ಚ್‌ನಲ್ಲಿ

ಮೂರು ತಿಂಗಳ ನಂತರ ಅಮ್ಮನನ್ನು ಕರೆತರಲು ನಾನೇ ಮ್ಯೂನಿಕ್‌ಗೆ ಹೋದೆ. ಈ ಸಲ ಸೂಟ್‌ಕೇಸನ್ನು ಉಲ್ಟಾ ತರ್ಕದಿಂದ ತುಂಬಿದೆ: ಹರಿಯುವುದು, ಸವರುವುದು ಎಲ್ಲ ಮೊದಲು ಸೂಟ್‌ಕೇಸಿಗೆ, ಅದರ ತೂಕ ಆದ ಮೇಲೆ ಉಳಿದ ಜಾಗಕ್ಕೆ ಬಟ್ಟೆ. ತೂಕ ಹೆಚ್ಚಾದರೆ ಕೈಗೆ ಬರಬೇಕಾದದ್ದು ಬಟ್ಟೆ, ಪುಸ್ತಕ, ಹಪ್ಪಳ, ಅಚ್ಚುಬೆಲ್ಲ. ಡಿಸೆಂಬರ್‌ನಲ್ಲಿ ಆ ಕೌದಿಯನ್ನೂ ಎರಡು ರೇಷ್ಮೆ ಸೀರೆಗಳನ್ನೂ ತೆಗೆದಿದ್ದರೆ ಸಾಕಿತ್ತು, ತೂಕ ಸರಿಹೋಗುತ್ತಿತ್ತು. ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡರೂ ಆಗುತ್ತಿತ್ತು. ಚಳಿಗೆ ವಿಮಾನದೊಳಗೆ ಹೊದೆಯಲು ಅಷ್ಟು ಒಳ್ಳೆಯದು ಇನ್ನೊಂದಿಲ್ಲ. ಉಪ್ಪಿನಕಾಯಿಯ ಬಾಟಲಿಯ ಬಾಯಿಗೆ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅಂಟುಪಟ್ಟಿ ಸುತ್ತಿ, ಎರಡು ಕವರಿನಲ್ಲಿಟ್ಟು ಪಂಚೆಗಳ ನಡುವೆ ಹೂತೆ. ಒಂದೂವರೆ ಕಿಲೋ ಅವಕಾಶವನ್ನು ಖಾಲಿ ಬಿಟ್ಟೆ, ಪಕ್ಕದ ಮನೆಯವರಿಗಾಗಿ. ಅವರು ಬಂದೇ ಬಂದರು.

ಕೊಬ್ಬರಿ ಗಿಟುಕು ಕೊಡಲು ಬಂದವರಿಗೆ ಮಾತ್ರ ಕೈಮುಗಿದೆ. ಎಣ್ಣೆಯಂಶ ಇರುವ ಒಣ ಕೊಬ್ಬರಿ ತಾನಾಗಿಯೇ ಬಿಸಿಯೇರಬಲ್ಲ ಸರಕು. ವಿಮಾನಯಾನದಲ್ಲಿ ಅದಕ್ಕೆ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ 1363 ಎಂಬ ಸಂಖ್ಯೆಯೇ ಇದೆ. ತಿಪಟೂರಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ.

ತುಪ್ಪವನ್ನು ಈ ಸಲ ಒಯ್ಯಲೇ ಇಲ್ಲ. ಭದ್ರತಾ ತಪಾಸಣೆಯ ಭಯದಿಂದಲ್ಲ. ಮಾರ್ಚ್‌ಗೆ ಮೊದಲು ನಿಯಮಗಳನ್ನು ಓದುತ್ತ ಹೋದಾಗ ಕಂಡದ್ದು: ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲು, ಮಾಂಸ ಮತ್ತು ಅವುಗಳಿಂದ ಮಾಡಿದ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ, ಜಾನುವಾರು ರೋಗಗಳ ಕಾರಣಕ್ಕೆ. ಅದು ಸುಂಕದವರ ಬಾಗಿಲು. ಸೂಟ್‌ಕೇಸಿನಲ್ಲಿದ್ದರೂ, ಕೈಚೀಲದಲ್ಲಿದ್ದರೂ, ಎಪ್ಪತ್ತು ಮಿಲಿ ಆದರೂ ಅಲ್ಲಿ ತುಪ್ಪ ತುಪ್ಪವೇ. ಬೆಂಗಳೂರಿನಲ್ಲಿ ಬುಟ್ಟಿಗೆ ಬೀಳದಿದ್ದರೆ ಮ್ಯೂನಿಕ್‌ನಲ್ಲಿ ಬೀಳಬಹುದಾಗಿದ್ದ ಡಬ್ಬಿ ಅದು. ನನ್ನ ತಪ್ಪಿನ ಭಾರ ಇದರಿಂದ ಸ್ವಲ್ಪ ಇಳಿಯಿತು ಎಂದು ಅಮ್ಮನಿಗೆ ಹೇಳಿ ನೋಡಿದೆ. ಅವಳು ಒಪ್ಪಲಿಲ್ಲ.

ತಂಗಿಯ ಅಡುಗೆಮನೆಯ ಕಪಾಟಿನಲ್ಲಿ ಅಜ್ಜಿಯ ಹೆಸರಿನ ಡಬ್ಬಿ ಇತ್ತು. ಮುಚ್ಚಳ ತೆಗೆದು ನೋಡಿದರೆ ತುಂಬ ತುಪ್ಪ. ಜರ್ಮನಿಯ ಅಂಗಡಿಗಳಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಮಿನ ಇಟ್ಟಿಗೆಯಾಗಿ ಸಿಗುತ್ತದೆ. ಅಮ್ಮ ವಾರಕ್ಕೆರಡು ತರಿಸಿ ಕಾಯಿಸುತ್ತಿದ್ದಳು. ಬುಟರ್‌ಶ್ಮಾಲ್ಟ್ಸ್ ಎಂಬ ಹೆಸರಿನಲ್ಲಿ ಕಾಯಿಸಿದ ಬೆಣ್ಣೆಯೇ ಸಿಗುತ್ತದೆ, ಅಳಿಯ ಒಮ್ಮೆ ತಂದಿದ್ದನಂತೆ. ವಾಸನೆ ನೋಡಿ ಅಮ್ಮ ಅದನ್ನು ದೋಸೆಯ ಕಾವಲಿಗೆ ಮೀಸಲಿಟ್ಟಿದ್ದಳು.

"ಅಮ್ಮ ಬಂದ ದಿನ ಈ ಡಬ್ಬಿಯನ್ನು ತೊಳೆಯಲು ಸಿಂಕಿಗೆ ಇಟ್ಟಿದ್ದಳು" ಎಂದಳು ತಂಗಿ. ತಂಗಿಯೇ ಅದನ್ನು ಸಿಂಕಿನಿಂದ ಎತ್ತಿಕೊಂಡು, ಕುಕ್ಕರಿನಿಂದ ಆಗ ತಾನೇ ತೆಗೆದ ಬಿಸಿ ಅನ್ನವನ್ನು ಎರಡು ಸೌಟು ಅದರೊಳಗೆ ಹಾಕಿ, ಚಿಟಿಕೆ ಉಪ್ಪು ಉದುರಿಸಿ, ಡಬ್ಬಿಯ ಗೋಡೆಗೆಲ್ಲ ಒತ್ತಿ ಒತ್ತಿ ಕಲಸಿ, ಅಲ್ಲೇ ನಿಂತು ತಿಂದಳಂತೆ.